ಯಂತ್ರಯುಗವೂ ಲಿಂಗನಿಷ್ಠೆಯೂ

ಶಿವಾನುಭವಗೋಷ್ಠಿ ಮುಗಿದು ಸಭಿಕರು ಏಳುವ ಹೊತ್ತಿಗೆ ತರುಣರು ಈಚೆಗೆ ಒಂದು ಪ್ರಶ್ನೆಯನ್ನು ಎತ್ತುವುದುಂಟು. ಇಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಮಠದ ಅಂಗಳಕ್ಕೂ ಬಂದು ಕುಳಿತುಕೊಳ್ಳುವ ದಾವಣಗೆರೆಯಂತಹ ನಗರದಲ್ಲಿ ಆ ಪ್ರಶ್ನೆ ಏಳುವುದು ಸಹಜವೇ ಸರಿ. ರೋಗಕ್ಕೆ ಮದ್ದು ಬಂದಿತು, ಹೊಲಕ್ಕೆ ಕಾಲುವೆ ಬಂದಿತು, ಲೆಕ್ಕಕ್ಕೂ ಲೇಖನಕ್ಕೂ ಕೃತಕ ಬುದ್ಧಿಯ ಯಂತ್ರ ಬಂದಿತು; ಇಷ್ಟಲಿಂಗವನ್ನು ಬಿಜಯಂಗೈಸಬೇಕಾದ ಕರಸ್ಥಲದಲ್ಲಿ ಮೊಬೈಲು ಬಂದು ಕುಳಿತಿತು. ಇನ್ನು ನೂರು ವರ್ಷ ಕಳೆಯುವುದರೊಳಗೆ ಮನುಷ್ಯನಿಗೆ ಇಲ್ಲವೆಂಬುದೇ ಇಲ್ಲದಂತಾದರೆ, ಆಗ ದೇವರು ಏತಕ್ಕೆ ಬೇಕು? ಇದು ಅವರ ಪ್ರಶ್ನೆಯ ಸಾರ.

ಕೇಳಿದವರನ್ನು ನಾಸ್ತಿಕರೆಂದು ಗದರಿಸಿ ಕೂರಿಸುವುದು ಸುಲಭ. ಆದರೆ ಅದು ಶರಣಮಾರ್ಗವಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಗಳು ಎದ್ದವೆಂದೂ, ಅಲ್ಲಮಪ್ರಭುಗಳು ಬಸವಣ್ಣನವರ ಭಕ್ತಿಯನ್ನೇ ಒರೆಗೆ ಹಚ್ಚಿದರೆಂದೂ ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಆದುದರಿಂದ ಈ ಪ್ರಶ್ನೆಯನ್ನೂ ಪೂರ್ವಗ್ರಹವಿಲ್ಲದೆ ವಿಚಾರಿಸುವುದು ಯುಕ್ತ.

ಮೊದಲು ‘ಬೇಕು’ ಎಂಬ ಮಾತನ್ನೇ ನೋಡಬೇಕು. ಕನ್ನಡದಲ್ಲಿ ‘ಬೇಕು’, ‘ಬೇಡು’ ಎಂಬಿವೆರಡೂ ಒಡಹುಟ್ಟಿದ ಮಾತುಗಳು. ಬೇಕಾದವನು ಬೇಡುತ್ತಾನೆ, ಬೇಡುವುದು ಮುಗಿದರೆ ಬೇಕೆಂಬುದೂ ಮುಗಿಯುತ್ತದೆ. ಪ್ರಶ್ನೆ ಕೇಳುವವರ ಮನಸ್ಸಿನಲ್ಲಿರುವ ದೇವರು ಬೇಡಿಕೊಳ್ಳುವ ದೇವರು: ಬೇನೆಯನ್ನು ವಾಸಿಮಾಡುವವನು, ಮಳೆಯನ್ನು ಸುರಿಸುವವನು, ಹೊಳೆಯನ್ನು ದಾಟಿಸುವವನು. ಅಂತಹ ದೇವರಿಗೆ ಯಂತ್ರದಿಂದ ಹಾನಿಯುಂಟೇ ಎಂದರೆ, ಉಂಟು. ಈಗಾಗಲೇ ಆಗಿಯೂ ಹೋಗಿದೆ.

ಸಿಡುಬನ್ನೇ ತೆಗೆದುಕೊಳ್ಳಬಹುದು. ಒಂದು ಕಾಲಕ್ಕೆ ಅದಕ್ಕೆ ರೋಗವೆಂಬ ಹೆಸರೂ ಇರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎಂದೇ ಜನ ಹೇಳುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಅಮ್ಮ ಮುನಿಯದಿರಲೆಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದಿರುತ್ತಿದ್ದರು. 1796ರಲ್ಲಿ ಇಂಗ್ಲೆಂಡಿನ ಜೆನ್ನರನು ಆಕಳ ಸಿಡುಬಿನಿಂದ ದೇವಿ ಹಾಕುವ ಕ್ರಮವನ್ನು ತೋರಿಸಿದನು. ಆ ಚಿಕಿತ್ಸೆಗೇ ನಮ್ಮವರು ‘ದೇವಿ ಹಾಕುವುದು’ ಎಂದು ಹೆಸರಿಟ್ಟರೆಂಬುದು ಕುತೂಹಲದ ಸಂಗತಿ. ಭಾರತದಲ್ಲಿ 1975ರಲ್ಲಿ ಈ ರೋಗವು ಕೊನೆಗಂಡಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭೂಮಂಡಲದಿಂದಲೇ ಅದು ತೊಲಗಿತೆಂದು ಸಾರಿತು. ಭಯದಿಂದ ಹುಟ್ಟಿದ ಆ ಬೇಡಿಕೆಯು ಭಯದೊಡನೆಯೇ ಹೋಯಿತು. ಇದಕ್ಕಾಗಿ ಶರಣಧರ್ಮವು ಕಣ್ಣೀರಿಡಬೇಕಾಗಿಲ್ಲ. ಅಂಜಿಕೆಯಿಂದ ನೂರು ದೈವಗಳ ಬಾಗಿಲು ಬಡಿಯುವುದನ್ನು ಬಸವಣ್ಣನವರು ಎಂಟುನೂರು ವರ್ಷಗಳಿಗೆ ಹಿಂದೆಯೇ ಕಟುವಾಗಿ ನಿರಾಕರಿಸಿದರು. ವೈದ್ಯನು ಸೂಜಿಯಿಂದ ಸಾಧಿಸಿದುದನ್ನು ಅವರು ವಿವೇಕದಿಂದ ಸಾಧಿಸಲು ಹೊರಟಿದ್ದರು. ದಾವಣಗೆರೆಯಲ್ಲಿ 1965ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿಗೆ ಚಿತ್ರದುರ್ಗ ಬೃಹನ್ಮಠದ ಲಿಂಗೈಕ್ಯ ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರಿಟ್ಟವರಿಗೆ ಗುರುವಿನ ಹೆಸರೂ ಶವಚ್ಛೇದದ ಮೇಜೂ ಒಂದೇ ಸೂರಿನಡಿ ಇರುವುದು ವಿರುದ್ಧವೆಂದು ತೋರಲಿಲ್ಲ.

ಹೊಳೆಯ ಮಾತೂ ಹೀಗೆಯೇ. ಹರಿಹರದಿಂದ ತುಂಗಭದ್ರೆಯ ಗುಂಟ ಕೆಳಕ್ಕೆ ಸಾಗಿದರೆ ರಾಣೇಬೆನ್ನೂರು ತಾಲೂಕಿನಲ್ಲಿ ಚೌಡಯ್ಯದಾನಪುರ ಸಿಗುತ್ತದೆ. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಊರು ಅದು. ಹುಟ್ಟು ಹಾಕಿ ಜನರನ್ನು ದಡ ಸೇರಿಸುತ್ತಿದ್ದ ಆ ನಿಷ್ಠುರ ಶರಣರ ಕಾಯಕವು ಇಂದು ಹರಿಹರದಲ್ಲಿ ಯಾರಿಗೂ ಬೇಕಾಗಿಲ್ಲ. ರಸ್ತೆಗೊಂದು ಸೇತುವೆ, ರೈಲಿಗೊಂದು ಸೇತುವೆ; ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಪ್ರಯಾಣಿಕನು ನಿದ್ರೆಯಲ್ಲಿಯೇ ಹೊಳೆ ದಾಟಿಬಿಡುತ್ತಾನೆ. ದೋಣಿ ಕಟ್ಟೆಗೆ ಹತ್ತಿದುದರಿಂದ ಚೌಡಯ್ಯನವರ ಮಾತು ಹಳತಾಯಿತೇ? ಅವರು ಹೊಳೆ ದಾಟಲು ದೇವರನ್ನು ಕರೆದವರಲ್ಲ. ಹೊಳೆ ದಾಟಿಸಲು ತಮ್ಮ ತೋಳೇ ಸಾಕಾಗಿತ್ತು. ಅವರ ವಾಗ್ಬಾಣಗಳೆಲ್ಲ ಗುರಿಯಿಟ್ಟದ್ದು ಡಂಭಾಚಾರದ ಮೇಲೆ, ದೇವರ ಹೆಸರಿನಲ್ಲಿ ಹೊಟ್ಟೆ ಹೊರೆಯುವವರ ಮೇಲೆ. ಆ ಜಾತಿಯ ಜನವನ್ನು ಯಾವ ಸೇತುವೆಯೂ ಕಡಿಮೆ ಮಾಡಿದಂತೆ ಕಾಣುವುದಿಲ್ಲ.

ಭದ್ರಾ ಕಾಲುವೆಯ ವಿಚಾರದಲ್ಲಿ ವಿಷಯವು ಸ್ವಲ್ಪ ತೊಡಕಾಗುತ್ತದೆ. ಲಕ್ಕವಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು, ಮಳೆಯನ್ನೇ ನಂಬಿದ್ದ ಜೋಳದ ಹೊಲಗಳು ದಾವಣಗೆರೆ, ಹರಿಹರ ತಾಲೂಕುಗಳಲ್ಲಿ ಭತ್ತದ ಗದ್ದೆಗಳಾದುವು. ಮುಗಿಲು ನೋಡುವ ಕಣ್ಣು ಕಾಲುವೆಯನ್ನು ನೋಡತೊಡಗಿತು. ಆದರೆ ಈ ತಾಲೂಕುಗಳ ಬಹುಭಾಗವಿರುವುದು ಅಚ್ಚುಕಟ್ಟಿನ ಕೊನೆಯಲ್ಲಿ. ಮೇಲಿನವರು ಬೇಕಾದಷ್ಟು ಹರಿಸಿಕೊಂಡ ಮೇಲೆ ಉಳಿದುದು ಕೆಳಗಿನವರಿಗೆ. ಉಳಿಯದಿದ್ದರೆ ಅದೂ ಇಲ್ಲ. ಕೊನೆಯ ಭಾಗದ ರೈತರ ಈ ಕೊರಗು ವರ್ಷವರ್ಷವೂ ಕೇಳಿಬರುವಂಥದು. ಮಳೆಗಾಗಿ ದೇವರನ್ನು ಬೇಡುತ್ತಿದ್ದ ಕಾಲದಲ್ಲಿ ಮೇಲಿನ ಹೊಲದವನೂ ಕೆಳಗಿನ ಹೊಲದವನೂ ಒಂದೇ ಮೋಡದ ಕೆಳಗೆ ನಿಂತಿದ್ದರು. ಈಗ ನೀರಿನ ತೂಬು ಮನುಷ್ಯನ ಕೈಗೆ ಬಂದಿದೆ. ಬಂದೊಡನೆ ನೆರೆಯವನು ಎದುರಾಳಿಯಾಗಿದ್ದಾನೆ. ತೂಬಿಗೆ ಬೀಗ ಹಾಕಬಹುದು, ಅಳತೆಯ ಯಂತ್ರವನ್ನು ಕೂರಿಸಬಹುದು, ಅವೂ ಬೇಕಾದುವೇ. ಆದರೆ ‘ನನಗೆ ಇಷ್ಟು ಸಾಕು’ ಎಂಬ ಮಾತು ಬೀಗದಿಂದ ಹೊರಡುವುದಿಲ್ಲ.

ಇಲ್ಲಿಗೆ ಪ್ರಶ್ನೆಯು ಬೇರೆ ಮುಖವನ್ನು ತೋರಿಸುತ್ತದೆ. ಇಲ್ಲದುದನ್ನು ತುಂಬಿಕೊಡಲು ದೇವರು ಬೇಕೆಂಬ ಭಾವನೆಯನ್ನು ಯಂತ್ರವು ಅಳಿಸಬಹುದು. ಇದ್ದುದನ್ನು ಏನು ಮಾಡಬೇಕೆಂಬ ಚಿಂತೆಯನ್ನು ಅದು ಅಳಿಸಲಾರದು. ಇದ್ದುದು ಹೆಚ್ಚಿದಷ್ಟೂ ಆ ಚಿಂತೆಯೂ ಹೆಚ್ಚುತ್ತದೆ.

2023ರ ಆಗಸ್ಟ್ 23ರಂದು ಭಾರತದ ನೌಕೆಯು ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಇಳಿದ ಸ್ಥಳಕ್ಕೆ ‘ಶಿವಶಕ್ತಿ’ ಎಂದು ಹೆಸರಿಟ್ಟುದನ್ನು ಕೆಲವರು ಧರ್ಮದ ಜಯವೆಂದು ಕೊಂಡಾಡಿದರು. ಅದು ಅಷ್ಟು ದೊಡ್ಡ ಪ್ರಮಾಣವೇನೂ ಅಲ್ಲ. ಹೆಸರಿಡುವುದು ಮನುಷ್ಯನ ಅಭ್ಯಾಸ. ಶಿವನ ಹೆಸರು ಚಂದ್ರನ ಮೇಲೆ ಹೋದುದರಿಂದ ಶಿವನಿಗೆ ಹೆಚ್ಚಿನ ಲಾಭವಿಲ್ಲ, ಹೋಗದಿದ್ದರೆ ನಷ್ಟವೂ ಇರಲಿಲ್ಲ. ವಿಚಾರಮಾಡಬೇಕಾದ ನಿದರ್ಶನವು ಅಷ್ಟು ದೂರದಲ್ಲಿಲ್ಲ, ಹರಿಹರದಲ್ಲಿಯೇ ಇದೆ.

ಹರಿಹರೇಶ್ವರ ದೇವಾಲಯವನ್ನು ಸುಮಾರು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು ಕಟ್ಟಿಸಿದನು. ಅಲ್ಲಿನ ಮಂಟಪದ ಕಂಬಗಳನ್ನು ಬೆರಳಿಂದ ಸವರಿ ನೋಡಬೇಕು. ಹೊಯ್ಸಳರ ಶಿಲ್ಪಿಗಳು ಕಲ್ಲನ್ನು ತಿರುಗಣೆಗೆ ಹಚ್ಚಿ, ಬಳೆಬಳೆಯಾಗಿ ಕಡೆದು ನಯಮಾಡುತ್ತಿದ್ದರು; ಅದು ಆ ಕಾಲದ ಮುಂದುವರಿದ ಯಂತ್ರವಿದ್ಯೆ. ಏಳುನೂರು ವರ್ಷಗಳ ತರುವಾಯ, 1941ರಲ್ಲಿ, ಅದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ, ಲೋಹವನ್ನು ಹಾಗೆಯೇ ತಿರುಗಿಸಿ ಕಡೆಯುವ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಯಂತ್ರಗಳನ್ನು ಹೆರುವ ತಾಯಿಯಂತ್ರವೆಂದು ಅದಕ್ಕೆ ಹೆಸರು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರವೆಂದೇ ನಾಮಕರಣವಾಯಿತು. ದೇವರ ಹೆಸರಿನ ಊರಿನ ಮಗ್ಗುಲಲ್ಲಿ ಯಂತ್ರದ ಹೆಸರಿನ ಊರು. ಭವಿಷ್ಯವು ಯಾರ ಕಡೆಗಿದೆಯೆಂದು ಆ ದಿನಗಳಲ್ಲಿ ಯಾರನ್ನಾದರೂ ಕೇಳಿದ್ದರೆ ಯಂತ್ರಪುರದ ಕಡೆಗೆ ಬೆರಳು ತೋರಿಸುತ್ತಿದ್ದರು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿಗಿರಣಿಗಳೂ ಅದಕ್ಕೆ ಮೊದಲೇ ಒಂದೊಂದಾಗಿ ನಿಂತಿದ್ದುವು. ಪಾಳಿ ಬದಲಾವಣೆಗೆ ಕೂಗುತ್ತಿದ್ದ ಸೀಟಿಯನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ನಿಶ್ಶಬ್ದವಾಯಿತು. ‘ದೇವಾಲಯ ಉಳಿಯಿತು, ಕಾರ್ಖಾನೆ ಹೋಯಿತು, ಆದುದರಿಂದ ದೇವರೇ ಗೆದ್ದ’ ಎಂದು ಇಲ್ಲಿ ಯಾರಾದರೂ ಹೇಳಹೊರಟರೆ ಅದು ಅವಿವೇಕವೂ ನಿರ್ದಯವೂ ಆದ ಮಾತು. ಮುಚ್ಚಿದ ಬಾಗಿಲಿನ ಹೊರಗೆ ನಿಂತವರು ಭಕ್ತರೇ ಆಗಿದ್ದರು. ಬೆಳಗಾಗುತ್ತಲೇ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವರು ಅವರಲ್ಲಿ ಎಷ್ಟು ಮಂದಿಯೋ! ಅಂಗುಲದ ಸಾವಿರದೊಂದು ಭಾಗವನ್ನು ಅಳೆಯಬಲ್ಲ ಅವರ ಕಣ್ಣು, ಕೈ ಒಮ್ಮೆಲೇ ಯಾರಿಗೂ ಬೇಡವಾದುವು.

ಶರಣಧರ್ಮಕ್ಕೆ ಯಂತ್ರಯುಗವು ಒಡ್ಡುವ ನಿಜವಾದ ಸವಾಲು ಇದು. ಬೇರೆ ಮತಗಳಿಗೆ ವಿಜ್ಞಾನದಿಂದ ಬರುವ ಶಂಕೆಯು ಸೃಷ್ಟಿಯ ಕಥೆಯನ್ನು ಕುರಿತದ್ದು, ಸ್ವರ್ಗನರಕಗಳನ್ನು ಕುರಿತದ್ದು. ಶರಣರು ಆ ಕಥೆಗಳಿಗೆ ತಮ್ಮ ಧರ್ಮವನ್ನು ಕಟ್ಟಿಹಾಕಲಿಲ್ಲ. ಅವರು ಕಟ್ಟಿದುದು ಕಾಯಕಕ್ಕೆ. ನೇಯುವವನ ಮಗ್ಗದಲ್ಲಿ, ಹೊಲಿಯುವವನ ಉಳಿಯಲ್ಲಿ, ಹೊಸೆಯುವವನ ಹುಲ್ಲಿನಲ್ಲಿ ಲಿಂಗವನ್ನು ಕಂಡರು. ಹೀಗಿರುವಲ್ಲಿ ಕಾಯಕವನ್ನೇ ಯಂತ್ರವು ಕಸಿದುಕೊಂಡರೆ? ಜೇಡರ ದಾಸಿಮಯ್ಯನವರ ಕೈಮಗ್ಗವನ್ನು ದಾವಣಗೆರೆಯ ಗಿರಣಿ ನಿಲ್ಲಿಸಿತು. ಗಿರಣಿಯನ್ನು ಇನ್ನೂ ಚುರುಕಾದ ಬೇರೆಡೆಯ ಯಂತ್ರಗಳು ನಿಲ್ಲಿಸಿದುವು. ನಾಳೆ ಬರೆಯುವ, ಎಣಿಸುವ, ಪಾಠ ಹೇಳುವ ಕೆಲಸಗಳಿಗೂ ಅದೇ ಗತಿ ಬರಬಹುದು. ಕಾಯಕವಿಲ್ಲದವನಿಗೆ ಲಿಂಗದ ದಾರಿ ಯಾವುದು? ಮಠಮಾನ್ಯಗಳಲ್ಲಿ ಕಾಯಕದ ಮಹಿಮೆಯನ್ನು ಉಪದೇಶಿಸುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕೆಲಸ ಕಳೆದುಕೊಂಡವನೆದುರಿಗೆ ಕಾಯಕದ ಹಿರಿಮೆಯನ್ನು ಹಾಡುವುದು ಹಸಿದವನೆದುರಿಗೆ ಪಾಕಶಾಸ್ತ್ರವನ್ನು ಓದಿದಂತಾದೀತು.

ಎಲ್ಲ ದುಡಿಮೆಯನ್ನೂ ಉಳಿಸಿಕೊಳ್ಳಬೇಕೆಂಬ ಹಟವೂ ಸಲ್ಲದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಉಸುಕಿನ ಮುಂದೆ, ಹೊಗೆಯ ನಡುವೆ ದಿನವಿಡೀ ನಿಲ್ಲುವವರ ಮೈಯನ್ನು ಕಂಡವರು, ಆ ಉರಿಯಿಂದ ಅವರನ್ನು ಬಿಡಿಸುವ ಯಂತ್ರವೊಂದು ಬಂದರೆ ಬೇಡವೆನ್ನಲಾರರು. ಬಸವಣ್ಣನವರೂ ಬೇಡವೆನ್ನುತ್ತಿರಲಿಲ್ಲ. ಶರಣರು ದುಡಿಮೆಯನ್ನು ಗೌರವಿಸಿದರಲ್ಲದೆ ದಣಿವನ್ನು ಪೂಜಿಸಲಿಲ್ಲ. ಭಟ್ಟಿಯ ಬೆಂಕಿಯಿಂದ ಬಿಡುಗಡೆಯಾದವನಿಗೆ ಅನ್ನವು ಎಲ್ಲಿಂದ ಎಂಬುದನ್ನು ಮಾತ್ರ ಅವರು ತಪ್ಪದೆ ಕೇಳುತ್ತಿದ್ದರು. ಹಾಗೆ ಕೇಳುವುದಕ್ಕೇ ದಾಸೋಹವೆಂದು ಹೆಸರು. ಕಾಯಕವೊಂದನ್ನೇ ಹಿಡಿದು ದಾಸೋಹವನ್ನು ಬಿಟ್ಟರೆ ಶರಣಧರ್ಮವು ಅರ್ಧಾಂಗವಾಗುತ್ತದೆ. ಕೆಲಸ ಹೋದವನು ಒಬ್ಬಂಟಿಯಾಗುವುದು ಆ ಅರ್ಧಾಂಗದ ಲಕ್ಷಣ.

ಕಾಯಕವೆಂದರೆ ಸಂಬಳದ ಉದ್ಯೋಗವೆಂದು ಎಣಿಸಿದುದೂ ಈ ತೊಡಕಿಗೆ ಕಾರಣ. ಶಾಸ್ತ್ರದಲ್ಲಿ ಪದಾರ್ಥ, ಪ್ರಸಾದ ಎಂಬ ಎರಡು ಮಾತುಗಳುಂಟು. ಮನುಷ್ಯನು ದುಡಿದು ತಂದುದು, ನಿಸರ್ಗವು ಕೊಟ್ಟುದು ಎಲ್ಲವೂ ಪದಾರ್ಥ. ಅದು ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಅಕ್ಕಿ ಅದೇ ಅಕ್ಕಿ. ತೂಕದಲ್ಲಿ ಗುಲಗಂಜಿಯಷ್ಟೂ ಭೇದವಿಲ್ಲ. ಆದರೆ ಪದಾರ್ಥವನ್ನು ಉಣ್ಣುವವನು ‘ಇದು ನನ್ನದು’ ಎನ್ನುತ್ತಾನೆ. ಪ್ರಸಾದವನ್ನು ಉಣ್ಣುವವನು ‘ಇದು ನನಗೆ ಬಂದುದು’ ಎನ್ನುತ್ತಾನೆ. ಜಯದೇವ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗಾಗಿ ಊರೂರುಗಳಲ್ಲಿ ನಡೆಯಿಸಿದ ಉಚಿತ ವಸತಿಗಳು ಪ್ರಸಾದನಿಲಯಗಳಾದುವು. ಅನ್ನಛತ್ರವೆಂಬ ಹೆಸರಿಗಿಂತ ಆ ಹೆಸರು ಎಷ್ಟು ಮೇಲು! ಉಣ್ಣುವ ಹುಡುಗನು ಭಿಕ್ಷುಕನಲ್ಲ, ಬಡಿಸುವವನು ದಾನಿಯಲ್ಲ. ಇಬ್ಬರೂ ಒಂದೇ ಪಂಕ್ತಿಯವರು. ಯಂತ್ರವು ಪದಾರ್ಥವನ್ನು ನೂರ್ಮಡಿಗೊಳಿಸಬಲ್ಲುದು. ಅದನ್ನು ಪ್ರಸಾದವಾಗಿಸುವ ಕ್ರಿಯೆಗೆ ಅರ್ಪಿಸುವವನೊಬ್ಬನು ಬೇಕು, ಆ ಅರ್ಪಣೆಯನ್ನು ಕೊಳ್ಳುವ ಲಿಂಗ ಬೇಕು.

ಅರ್ಪಿಸುವ ಕೆಲಸವನ್ನೂ ಯಂತ್ರಕ್ಕೇ ವಹಿಸಿದರಾಗದೇ ಎಂದು ನಗೆಗಾಗಿ ಯಾರಾದರೂ ಕೇಳಬಹುದು. ಅದೂ ನಡೆದಿದೆ! ಇಂದು ಎಷ್ಟೋ ಗುಡಿಗಳಲ್ಲಿ ಮಂಗಳಾರತಿಯ ಹೊತ್ತಿಗೆ ಗುಂಡಿಯೊತ್ತಿದರೆ ವಿದ್ಯುತ್ತಿನ ಯಂತ್ರವು ತಾನೇ ನಗಾರಿ ಬಡಿದು, ಜಾಗಟೆ ಬಾರಿಸಿ, ಗಂಟೆ ಹೊಡೆಯುತ್ತದೆ. ತಾಳವು ಒಂದಿಷ್ಟೂ ತಪ್ಪುವುದಿಲ್ಲ. ಹಿಂದೆ ಆ ಗಂಟೆಯ ಹಗ್ಗಕ್ಕಾಗಿ ಮಕ್ಕಳು ನೂಕಾಡುತ್ತಿದ್ದರು. ಈಗ ಕೈಕಟ್ಟಿ ನಿಂತು ನೋಡುತ್ತಾರೆ. ಅನುಕೂಲವಾಯಿತೆಂಬುದು ಸರಿ, ಆದರೆ ಆ ಸದ್ದು ಯಾರ ಭಕ್ತಿಯದು?

ಸಮೃದ್ಧಿಯು ಬಂದಾಗ ಭಕ್ತನಿಗೆ ಏನಾಗುತ್ತದೆಂಬುದನ್ನು ಪುರಾತನರ ಕಥೆಗಳು ಬಲ್ಲವು. ಜೇಡರ ದಾಸಿಮಯ್ಯನವರು ಬಹುಕಾಲ ಶ್ರಮಪಟ್ಟು ನೇಯ್ದ ಅಪೂರ್ವವಾದ ವಸ್ತ್ರವನ್ನು ಮುದುಕನ ವೇಷದಲ್ಲಿ ಬಂದ ಶಿವನಿಗೆ ಕೊಟ್ಟರು. ಶಿವನು ಅದನ್ನು ಅವರ ಕಣ್ಣೆದುರಿಗೇ ಹರಿದು ಚೂರುಚೂರು ಮಾಡಿದನು. ದಾಸಿಮಯ್ಯನವರು ಮುನಿಯಲಿಲ್ಲ, ಕೊಟ್ಟ ಮೇಲೆ ಅದು ತಮ್ಮದಲ್ಲವೆಂಬ ಅರಿವು ಅವರಿಗಿತ್ತು. ಮೆಚ್ಚಿದ ಶಿವನು ತವನಿಧಿಯನ್ನು ಕರುಣಿಸಿದನು: ಬಗೆದಷ್ಟೂ ಬರಿದಾಗದ ಧಾನ್ಯರಾಶಿ. ಇಂದಿನ ವಿಜ್ಞಾನವು ಭವಿಷ್ಯಕ್ಕೆ ವಾಗ್ದಾನಮಾಡುತ್ತಿರುವುದು ಇದನ್ನೇ ಅಲ್ಲವೇ? ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ವಸ್ತ್ರ ಹರಿದಾಗ ಅಳುಕದ ಆ ಮಹಾಭಕ್ತರಿಗೆ ತವನಿಧಿ ಬಂದ ಮೇಲೆ ಗರ್ವ ಬಂದಿತು. ಶಂಕರ ದಾಸಿಮಯ್ಯನವರ ಮುಂದೆ ಆ ಗರ್ವವು ಮುರಿಯಬೇಕಾಯಿತು. ನಷ್ಟವನ್ನು ಸಹಿಸಿದ ಮನಸ್ಸು ಸಮೃದ್ಧಿಯಲ್ಲಿ ಸೋತಿತೆಂದು ಕಥೆ ಕಟ್ಟಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು. ಆಯ್ದಕ್ಕಿ ಲಕ್ಕಮ್ಮನವರು, ಗಂಡನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಕಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಪ್ರಸಂಗವೂ ಈ ಭಯದಿಂದಲೇ ಹುಟ್ಟಿದುದು.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಹಂಚಿ ಉಣ್ಣುವುದಕ್ಕೆ, ಸಾಕೆನ್ನುವುದಕ್ಕೆ ದೇವರು ಬೇಕೇ? ದೇವರ ಹೆಸರೆತ್ತದೆಯೂ ಅದನ್ನು ಸಾಧಿಸಿದವರಿಲ್ಲವೇ? ಇದ್ದಾರೆ, ದಾವಣಗೆರೆಯಲ್ಲಿಯೇ ಇದ್ದರು. ಗಿರಣಿ ಕಾರ್ಮಿಕರ ಕೂಲಿಗಾಗಿ, ಮಾನಕ್ಕಾಗಿ ಈ ನಗರದಲ್ಲಿ ಬಹುಕಾಲ ಹೋರಾಡಿದವರಲ್ಲಿ ಕಮ್ಯುನಿಸ್ಟರು ಮುಂದಾಳುಗಳು. ಅವರ ಮುಖಂಡರಾದ ಪಂಪಾಪತಿಯವರನ್ನು ಜನರು ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಆರಿಸಿ ಕಳುಹಿಸಿದರು. ಹಾಗೆ ಆರಿಸಿದ ಜನರಲ್ಲಿ ಲಿಂಗಧಾರಿಗಳೂ ಇದ್ದಿರಬೇಕಷ್ಟೆ. ಅದೇ ಕಾಲದಲ್ಲಿ ವಿಭೂತಿ ಧರಿಸಿಯೂ ತೂಕದಲ್ಲಿ ಮೋಸಮಾಡಿದವರು ಪೇಟೆಯಲ್ಲಿ ಇರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಶರಣರ ತಕ್ಕಡಿಯಲ್ಲಿ ತೂಗಿದರೆ ಮೊದಲನೆಯವರ ದುಡಿಮೆಯೇ ಕಾಯಕದ ತಟ್ಟೆಗೆ ಸೇರುತ್ತದೆ. ಆದುದರಿಂದ ದೇವರಿಲ್ಲದೆ ಸದ್ಗುಣವಿಲ್ಲವೆಂದು ವಾದಿಸುವುದು ಈ ಪಾಠದ ಉದ್ದೇಶವಲ್ಲ.

ಶರಣರು ಹೇಳುವುದು ಅದಕ್ಕಿಂತ ಸೂಕ್ಷ್ಮವಾದುದು. ಒಳ್ಳೆಯದನ್ನು ಮಾಡಿದ ಮೇಲೆ ‘ನಾನು ಮಾಡಿದೆ’ ಎಂಬುದೊಂದು ಉಳಿಯುತ್ತದೆ. ದುಷ್ಟನ ಅಹಂಕಾರವನ್ನು ಲೋಕವು ಮುರಿಯುತ್ತದೆ. ಸಜ್ಜನನ ಅಹಂಕಾರವನ್ನು ಲೋಕವು ಹಾರಹಾಕಿ ಬೆಳೆಸುತ್ತದೆ. ದಾಸೋಹವೆಂಬ ಶಬ್ದವನ್ನು ಬಿಡಿಸಿದರೆ ‘ದಾಸಃ ಅಹಂ’, ದಾಸನು ನಾನು. ಅಲ್ಲಿ ‘ನಾನು’ ಎಂಬುದು ಇಲ್ಲದಿಲ್ಲ. ಆದರೆ ದಾಸನ ಹಿಂದೆ ನಿಂತಿದೆ. ಅದನ್ನು ಅಲ್ಲಿ ನಿಲ್ಲಿಸುವುದಕ್ಕಾಗಿಯೇ ಷಟ್‌ಸ್ಥಲದ ಸಾಧನೆಯೆಲ್ಲ. ಭಕ್ತನಿಂದ ಐಕ್ಯನವರೆಗಿನ ಆರು ಮೆಟ್ಟಿಲುಗಳಲ್ಲಿ ಬೇಡುವ ಮೆಟ್ಟಿಲು ಒಂದೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೂರನೆಯ ಮೆಟ್ಟಿಲೇ ಪ್ರಸಾದಿ. ಬರಗಾಲದ ಬಡವನಿಗಿಂತ, ಎಲ್ಲವೂ ಬೆರಳ ತುದಿಯಲ್ಲಿರುವ ನಾಳಿನ ಮನುಷ್ಯನಿಗೆ ಈ ಸಾಧನೆಯು ಹೆಚ್ಚು ಕಷ್ಟವಾದೀತು, ಹೆಚ್ಚು ಅವಶ್ಯವೂ ಆದೀತು. ಮಗನು ದುಡಿದು ಉಣ್ಣುವ ವಯಸ್ಸಿಗೆ ಬಂದ ಮೇಲೆ ತಾಯಿಯ ಕೈತುತ್ತು ಬೇಕಾಗುವುದಿಲ್ಲ. ಅವನು ಆಕೆಯ ಬಳಿಗೆ ಆಮೇಲೆಯೂ ಬಂದರೆ, ಹಸಿವೆಯಿಂದ ಬಂದನೋ ಪ್ರೀತಿಯಿಂದ ಬಂದನೋ ಎಂಬುದು ಆಗ ತಾನೇ ಗೊತ್ತಾಗುವುದು.

ಕೆಲಸ ಕಳೆದುಕೊಂಡವನಿಗೆ ಉತ್ತರವೇನೆಂಬುದು ಇನ್ನೂ ಉಳಿದಿದೆ. ಅವನಿಗೆ ಸಲ್ಲಬೇಕಾದ ಮೊದಲ ಉತ್ತರವು ಬಾಯಿಮಾತಿನದಲ್ಲ. ಸಮಾಜದ, ಸರ್ಕಾರದ, ಮಠಗಳ ದಾಸೋಹದಿಂದ ಬರಬೇಕಾದುದು. ಎರಡನೆಯದನ್ನು ನುಲಿಯ ಚಂದಯ್ಯನವರ ಚರಿತೆಯಲ್ಲಿ ಹುಡುಕಬಹುದು. ಚಂದಯ್ಯನವರು ಕೆರೆಯ ದಡದಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮಕ್ಕೆ ಉಣಿಸುತ್ತಿದ್ದವರು. ಒಂದು ದಿನ ಹುಲ್ಲು ಕೊಯ್ಯುತ್ತಿರುವಾಗ ಕೊರಳಿನ ಲಿಂಗವು ಜಾರಿ ನೀರಿಗೆ ಬಿದ್ದಿತು. ಮತ್ತೊಬ್ಬರಾಗಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು. ಚಂದಯ್ಯನವರು ಹುಲ್ಲಿನ ಹೊರೆಯನ್ನು ಹೊತ್ತು ಮನೆಯ ಕಡೆಗೆ ಹೊರಟರು, ಜಂಗಮದ ಊಟದ ಹೊತ್ತು ಮೀರಬಾರದೆಂದು. ಆಗ ಲಿಂಗವೇ ನೀರಿನಿಂದ ಎದ್ದು, ತನ್ನನ್ನು ಬಿಡಬಾರದೆಂದು ಅವರ ಹಿಂದೆ ಬಂದಿತು.

ಮನುಷ್ಯನಿಗೆ ದೇವರು ಬೇಕೇ ಎಂದು ಕೇಳುತ್ತ ಬಂದವರಿಗೆ ಈ ಕಥೆ ವಿಚಿತ್ರವಾಗಿ ತೋರಬಹುದು. ಇಲ್ಲಿ ಬೇಕಾದವನು ಮನುಷ್ಯನಲ್ಲ, ಬೇಡಿದವನೂ ಮನುಷ್ಯನಲ್ಲ. ಲಿಂಗವು ಹಿಂಬಾಲಿಸಿದುದು ಹಗ್ಗದ ಬೆಲೆಯನ್ನು ಕಂಡಲ್ಲ. ಹಗ್ಗಕ್ಕೆ ಪೇಟೆಯಲ್ಲಿ ಬೆಲೆ ಇದ್ದರೂ ಇಲ್ಲದಿದ್ದರೂ ಉಣ್ಣಬೇಕಾದವರೊಬ್ಬರು ಕಾದಿದ್ದಾರೆಂದು ನೆನೆಯುವ ಮನಸ್ಸನ್ನು ಕಂಡು. ಲೇತ್ ನಿಂತರೂ, ಮಗ್ಗ ನಿಂತರೂ, ಆ ನೆನಪನ್ನು ಉದ್ಯೋಗದಿಂದ ತೆಗೆದುಹಾಕುವ ಅಧಿಕಾರವು ಯಾವ ಯಜಮಾನನಿಗೂ ಇಲ್ಲ, ಯಾವ ಯಂತ್ರಕ್ಕೂ ಇಲ್ಲ. ಚಂದಯ್ಯನವರಾದರೋ ಲಿಂಗವನ್ನು ಒಡನೆಯೇ ಎತ್ತಿಕೊಳ್ಳಲಿಲ್ಲ. ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಹೇಳಬೇಕಾಯಿತು. ಆಮೇಲೂ ಅವರು ಸುಮ್ಮನೆ ಪೂಜೆಗೆ ಕೂರಿಸಿಕೊಳ್ಳಲಿಲ್ಲ. ಮನೆಯಲ್ಲಿ ಇರಬೇಕಾದರೆ ಕೆಲಸ ಮಾಡಬೇಕೆಂದು ಹೊಸೆದ ಹಗ್ಗವನ್ನು ಕೊಟ್ಟು, ಮಾರಿಕೊಂಡು ಬರುವಂತೆ ಲಿಂಗವನ್ನೇ ಪೇಟೆಗೆ ಕಳುಹಿಸಿದರು.